ಏರುಮಡಿಗೆ ಮರದ ಬೇರು ನುಗ್ಗಿದರೆ ಏನು ಮಾಡಬೇಕು?

ಪ್ರಶ್ನೆ: ಮೇಡಂ, ಹಿತ್ತಿಲಿನಲ್ಲಿ ಹಲಗೆ ಕಟ್ಟಿ ಒಂದಡಿ ಎತ್ತರದ ಏರುಮಡಿ ಮಾಡಿದ್ದೇವೆ. ತಳವಿಲ್ಲ, ಮಣ್ಣು ನೇರವಾಗಿ ನೆಲದ ಮೇಲೇ ಕೂತಿದೆ. ಮೊದಮೊದಲು ತರಕಾರಿ ಸೊಂಪಾಗಿ ಬಂತು. ಈಗ ಬದನೆ, ಟೊಮೆಟೊ ಎರಡೂ ಮೊಣಕಾಲೆತ್ತರ ದಾಟುತ್ತಿಲ್ಲ. ಬೆಳಿಗ್ಗೆ ನೀರುಣಿಸಿದರೂ ಮಧ್ಯಾಹ್ನದ ಹೊತ್ತಿಗೆ ಮಣ್ಣು ಒಣಗಿರುತ್ತದೆ. ಅಗೆಯಲು ಹೋದರೆ ಸಲಿಕೆಯೇ ಇಳಿಯುವುದಿಲ್ಲ, ಒಳಗೆಲ್ಲ ಕೆಂಚು ಬಣ್ಣದ ಬೇರು. ಹತ್ತಡಿ ದೂರದಲ್ಲಿ ದೊಡ್ಡ ಮರವಿದೆ. ಬೇರು ಕತ್ತರಿಸಿದರೆ ಮರಕ್ಕೆ ಅಪಾಯವೇ? ತಳಕ್ಕೆ ಕಳೆ ತಡೆಯುವ ಬಟ್ಟೆ ಹಾಸಿದರೆ ಸಾಕೇ?

ತೋಟಗಾರಿಕೆ ತಜ್ಞೆ: ಮೊದಲು ಮರದ ಕಡೆಯಿಂದ ನೋಡೋಣ. ಮರದ ಬಹುಪಾಲು ಬೇರುಗಳು ಇರುವುದು ಮೇಲಿನ ಎರಡಡಿ ಮಣ್ಣಿನಲ್ಲಿ. ಗಾಳಿ, ತೇವ, ಗೊಬ್ಬರ ಸಿಗುವುದು ಅಲ್ಲೇ. ಅವು ರೆಂಬೆಗಳ ಹರವನ್ನು ದಾಟಿ ಬಹಳ ದೂರ ಹೋಗುತ್ತವೆ. ಹತ್ತಡಿ ಅವಕ್ಕೆ ಒಂದು ದೂರವೇ ಅಲ್ಲ. ಸುತ್ತಲಿನ ಗಟ್ಟಿ ನೆಲದ ನಡುವೆ ನೀವು ಸಡಿಲ ಮಣ್ಣು, ಕೊಟ್ಟಿಗೆ ಗೊಬ್ಬರ, ದಿನವೂ ನೀರು ಇಟ್ಟಿದ್ದೀರಿ. ಬೇರು ಅದನ್ನು ಬಿಟ್ಟು ಬೇರೆಲ್ಲಿಗೆ ಹೋದೀತು? ಕತ್ತರಿಸಿದರೂ ಮತ್ತೆ ಬರುತ್ತದೆ. ಆದ್ದರಿಂದ ಮಡಿಯನ್ನು ನೆಲದಿಂದ ಬೇರ್ಪಡಿಸಿ, ಇಲ್ಲವೇ ಬೇರೆ ಕಡೆಗೆ ಸ್ಥಳಾಂತರಿಸಿ. ಶಾಶ್ವತ ಪರಿಹಾರ ಇವೆರಡೇ.

ಮಡಿಯೊಳಗೆ ಹೆಣೆದುಕೊಂಡ ಎಳೆಬೇರುಗಳನ್ನು ಕತ್ತರಿಸಿದರೆ ಆರೋಗ್ಯವಾಗಿರುವ ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಆದರೆ ಹೆಬ್ಬೆರಳಿಗಿಂತ ದಪ್ಪನೆಯ ಬೇರು ಕಂಡರೆ ಕೈ ತಡೆಯಿರಿ. ಮರಕ್ಕೆ ಆಧಾರವಾಗಿ ನಿಂತಿರುವುದು ಅಂಥವೇ. ಮರಕ್ಕೂ ಮಡಿಗೂ ನಡುವೆ ಕಂದಕ ತೋಡಿ ದಪ್ಪ ಪ್ಲಾಸ್ಟಿಕ್ ತಡೆ ಇಳಿಸುವ ಪದ್ಧತಿಯೂ ಇದೆ. ಅದು ಎರಡು, ಎರಡೂವರೆ ಅಡಿ ಆಳ ಹೋಗಬೇಕು, ಅಂದರೆ ಆ ಬದಿಯ ಬೇರೆಲ್ಲ ತುಂಡಾಗುತ್ತದೆ. ಕಾಂಡದ ವ್ಯಾಸ 40 ಸೆಂ.ಮೀ. ಇದ್ದರೆ ಮೂರು ಮೀಟರಿಗಿಂತ ಹತ್ತಿರ ನಾನು ಗುದ್ದಲಿ ಹಾಕಲು ಬಿಡುವುದಿಲ್ಲ. ನಿಮ್ಮ ಮಡಿಯೇ ಹತ್ತಡಿಯಲ್ಲಿ ಇರುವುದರಿಂದ ಕಂದಕದ ಯೋಚನೆ ಬಿಟ್ಟುಬಿಡಿ. ಜೋರು ಗಾಳಿಗೆ ಮರ ವಾಲಿದರೆ ತರಕಾರಿಯ ಮಾತೇ ಬರುವುದಿಲ್ಲ.

ಕಳೆ ತಡೆಯುವ ಬಟ್ಟೆಯನ್ನು ದಯವಿಟ್ಟು ಹಾಸಬೇಡಿ. ನೂಲಿನಂಥ ಬೇರಿನ ತುದಿ ನೇಯ್ಗೆಯ ಸಂದಿಯಲ್ಲಿ ತೂರುತ್ತದೆ, ತೂರಿದ ಮೇಲೆ ದಪ್ಪವಾಗುತ್ತದೆ. ಆಮೇಲೆ ಬಟ್ಟೆಯೂ ಬೇರೂ ಒಂದಕ್ಕೊಂದು ಹೊಲಿದುಕೊಂಡು, ಕಿತ್ತರೆ ಚೂರುಚೂರಾಗಿ ಮಾತ್ರ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ನಿಂತು ಗಿಡ ಕೊಳೆಯುತ್ತದೆ. ತೂತು ಕೊರೆದರೆ ಬೇರು ಅದೇ ತೂತನ್ನು ಹುಡುಕಿಕೊಂಡು ಬರುತ್ತದೆ.

ಬೇರಿಗೆ ನಿಜವಾದ ತಡೆ ಗಾಳಿ. ತಳವಿರುವ ಪೆಟ್ಟಿಗೆ ಮಾಡಿ, ನೀರು ಬಸಿಯಲು ಸಂದಿ ಬಿಟ್ಟು, ಇಟ್ಟಿಗೆ ಅಥವಾ ಕಾಲುಗಳ ಮೇಲೆ ಅರ್ಧ ಅಡಿ ಎತ್ತರಕ್ಕೆ ಇಡಿ. ಒಣ ಗಾಳಿಗೆ ಬಂದ ಬೇರಿನ ತುದಿ ಮುಂದೆ ಬೆಳೆಯುವುದಿಲ್ಲ. ಎರಡು ಎಚ್ಚರಿಕೆ. ಒಂದು, ಒದ್ದೆ ಮಣ್ಣಿನ ತೂಕ: ನಾಲ್ಕಡಿ ಅಗಲ, ಎಂಟಡಿ ಉದ್ದ, ಒಂದಡಿ ಆಳದ ಮಣ್ಣು ಒಂದು ಟನ್ ದಾಟುತ್ತದೆ. ಹಾಗಾಗಿ ಒಂದು ದೊಡ್ಡ ಪೆಟ್ಟಿಗೆಗಿಂತ ಮೂರ್ನಾಲ್ಕು ಚಿಕ್ಕವು ಮೇಲು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕೆಳಗಿನ ಸಂದಿಯಲ್ಲಿ ತರಗೆಲೆ, ಉದುರಿದ ಮಣ್ಣು ತುಂಬಿಕೊಂಡರೆ ಬೇರು ಅದರ ಮೂಲಕವೇ ಮೇಲೇರುತ್ತದೆ. ಆಗಾಗ ಗುಡಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಪೆಟ್ಟಿಗೆ ಮಾಡಲು ಸ್ವಲ್ಪ ಸಮಯ ಬೇಕು. ಈ ಹಂಗಾಮಿಗೆ ಏನಾದರೂ ದಾರಿ ಇದೆಯೇ?

ತೋಟಗಾರಿಕೆ ತಜ್ಞೆ: ಇದೆ. ಮಡಿ ಖಾಲಿಯಾದಾಗ ಹಲಗೆಯ ಒಳಅಂಚಿನುದ್ದಕ್ಕೂ ಹರಿತವಾದ ಸಲಿಕೆ ಇಳಿಸಿ, ತಳದವರೆಗೂ ಮಣ್ಣು ತಿರುವಿ, ಬೇರು ಆರಿಸಿ ತೆಗೆಯಿರಿ. ಗೊಬ್ಬರ ಬೆರೆಸಿ ತಕ್ಷಣ ಬಿತ್ತಿ. ಬೇರು ತಿಂಗಳುಗಳಲ್ಲೇ ಮರಳುತ್ತದೆ, ಆದ್ದರಿಂದ ಬೇಗ ಕೈಗೆ ಬರುವ ಸೊಪ್ಪು, ಮೂಲಂಗಿ ಹಾಕಿ. ಬದನೆಯಂಥ ದೀರ್ಘಾವಧಿ ಬೆಳೆ ಬೇಡ. ಪ್ರತಿ ಬೆಳೆಯ ನಂತರವೂ ಇದೇ ಕೆಲಸ.

ಇನ್ನೊಬ್ಬ ಸದಸ್ಯರು: ಮೇಡಂ, ಕತ್ತರಿಸಿದ ಬೇರಿನ ತುದಿಗೆ ಉಪ್ಪು ಅಥವಾ ಕಳೆನಾಶಕ ಹಚ್ಚಿದರೆ ಮತ್ತೆ ಚಿಗುರುವುದಿಲ್ಲ ಎನ್ನುತ್ತಾರಲ್ಲ?

ತೋಟಗಾರಿಕೆ ತಜ್ಞೆ: ಎರಡೂ ಬೇಡವೇ ಬೇಡ. ಉಪ್ಪು ನಿಮ್ಮ ಮಣ್ಣನ್ನೇ ಕೆಡಿಸುತ್ತದೆ. ಕಳೆನಾಶಕ ಬೇರಿನ ಮೂಲಕ ಮರದೊಳಗೆ ಸಾಗಬಹುದು. ಅದೇ ಜಾತಿಯ ಮರ ಪಕ್ಕದಲ್ಲಿದ್ದು ಬೇರುಗಳು ಬೆಸೆದುಕೊಂಡಿದ್ದರೆ ಅದಕ್ಕೂ ತಲುಪಬಹುದು. ಬೆಳೆದು ನಿಂತ ಮರ ಹೋದರೆ ಮತ್ತೆ ಬರಲು ದಶಕಗಳು ಬೇಕು. ಮಡಿಯನ್ನು ಒಂದು ವಾರಾಂತ್ಯದಲ್ಲಿ ಜಾಗ ಬದಲಿಸಬಹುದು. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಮರದಿಂದ ದೂರದಲ್ಲಿ ಇದ್ದರೆ, ಪೆಟ್ಟಿಗೆಯ ಖರ್ಚಿಗಿಂತ ಮೊದಲು ಅದನ್ನೇ ಯೋಚಿಸಿ.