ದೊಡ್ಡಪ್ಪ ಕಳಿಸಿದ ಕಾರವಾರ

ದೊಡ್ಡಪ್ಪ: "ಒಂದೇ ದಿನದಲ್ಲಿ ಕಾರವಾರ! ಶಿವಾಜಿ ಮಹಾರಾಜರು ಕಟ್ಟಿಸಿದ ಸದಾಶಿವಗಡ. 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಚಾಪೆಲ್ ಯುದ್ಧನೌಕೆ. ಎಳ್ಳಿನಂಥ ಕಪ್ಪು ಮರಳಿನ ತಿಳಮಾತಿ ಬೀಚ್. ಎಲ್ಲರಿಗೂ ಕಳಿಸಿ."
ಭಾನುವಾರ ಹೋಗೋಣವಾ? ಟೆಂಪೊ ಹೇಳುತ್ತೇನೆ.

ಚಿಕ್ಕಮ್ಮ: ನಾನು ತಯಾರು. ಊಟಕ್ಕೆ ಏನು ಗತಿ? ಅಲ್ಲಿ ಎಲ್ಲಿ ನೋಡಿದರೂ ಮೀನು.

ಪುಟ್ಟಿ ಕಾರವಾರ: ಬನ್ನಿ, ಊಟ ನಮ್ಮನೆಯಲ್ಲೇ. ಆದರೆ ದೊಡ್ಡಪ್ಪ, ಸದಾಶಿವಗಡ ಶಿವಾಜಿ ಕಟ್ಟಿಸಿದ್ದಲ್ಲ.

ದೊಡ್ಡಪ್ಪ: ಶಿವಾಜಿ ಕಾರವಾರಕ್ಕೆ ಬಂದಿದ್ದೇ ಸುಳ್ಳಾ ಹಾಗಾದರೆ?

ಪುಟ್ಟಿ ಕಾರವಾರ: ಬಂದಿದ್ದು ನಿಜ, 1665ರಲ್ಲಿ. ಇಲ್ಲಿದ್ದ ಇಂಗ್ಲಿಷ್ ವ್ಯಾಪಾರಿಗಳ ಹತ್ತಿರವೂ ಹಣ ವಸೂಲಿ ಮಾಡಿ ಹೋದರು. ಕೋಟೆ ಕಟ್ಟಿಸಿದ್ದು ಮಾತ್ರ ಸೋಂದಾ ಅರಸ ಬಸವಲಿಂಗರಾಜ. ಅಪ್ಪ ಸದಾಶಿವನ ಹೆಸರಿಟ್ಟ, ಅದಕ್ಕೇ ಸದಾಶಿವಗಡ. ಸ್ವರ್ಣವಲ್ಲಿ ಮಠಕ್ಕೆ ಹೋಗುತ್ತೀರಲ್ಲ, ಅದೇ ಸೋಂದಾ! ಶಿರಸಿಯವರಾಗಿ ನೀವೇ ಬಿಟ್ಟುಕೊಟ್ಟರೆ ಹೇಗೆ?

ಭಾವ: 😂 ಸೋಂದಾದವರಿಗೆ ಅಷ್ಟು ದೂರ ಕೋಟೆ ಯಾಕೆ ಬೇಕಿತ್ತು?

ಪುಟ್ಟಿ ಕಾರವಾರ: ಮೇಲೆ ಹತ್ತಿ ನೋಡು ಭಾವ, ಗೊತ್ತಾಗುತ್ತದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಪೂರ್ತಿ ಕಾಣುತ್ತದೆ. ಬರುವ ಹಡಗು ಹೋಗುವ ಹಡಗು ಎಲ್ಲ ಕಣ್ಣಿಗೆ ಬೀಳುತ್ತದೆ. ಆಮೇಲೆ ಪೋರ್ಚುಗೀಸರು, ಹೈದರಾಲಿ ಕಡೆಯವರು ಇದಕ್ಕಾಗಿ ಸುಮ್ನೆ ಬಡಿದಾಡಿದರಾ? ಈಗ ಕೋಟೆ ಅಂತ ಉಳಿದಿರುವುದು ಕಡಿಮೆ. ಹೈವೇಗೆ ಗುಡ್ಡವನ್ನೇ ಸೀಳಿದ್ದಾರೆ.

ದೊಡ್ಡಪ್ಪ: ಹಡಗಾದರೂ ಸರಿಯಾ?

ಪುಟ್ಟಿ ಕಾರವಾರ: ಚಾಪೆಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ.

ಭಾವ: ಹುಟ್ಟುವ ಮೊದಲೇ ಯುದ್ಧ!

ಪುಟ್ಟಿ ಕಾರವಾರ: ಕರಾಚಿಗೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್. ಇದೂ ಅದೇ ಥರದ ಕ್ಷಿಪಣಿ ದೋಣಿ. ಈಗ ಮ್ಯೂಸಿಯಂ ಆಗಿದೆ. ಒಳಗೆ ಹೋಗಿ ನೋಡಿ, ಮಂಚಗಳು ಎಷ್ಟು ಇಕ್ಕಟ್ಟು ಅಂತ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ದೊಡ್ಡಪ್ಪ: ಪಕ್ಕದ ಬೀಚಿಗೆ ಟ್ಯಾಗೋರ್ ಹೆಸರಿದೆ. ಅವರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಇದನ್ನೂ ತಪ್ಪು ಅನ್ನಬೇಡ.

ಪುಟ್ಟಿ ಕಾರವಾರ: ಅದು ನೂರಕ್ಕೆ ನೂರು ಸರಿ ದೊಡ್ಡಪ್ಪ 🙏 ಟ್ಯಾಗೋರ್ ಇಲ್ಲಿದ್ದಾಗ ಒಂದು ನಾಟಕವನ್ನೂ ಬರೆದರು.

ಚಿಕ್ಕಮ್ಮ: ತಿಳಮಾತಿಗೆ ಗಾಡಿ ಹೋಗುತ್ತದಾ? ನನ್ನ ಮೊಣಕಾಲು ಗೊತ್ತಲ್ಲ.

ಪುಟ್ಟಿ ಕಾರವಾರ: ಇಲ್ಲ ಚಿಕ್ಕಮ್ಮ. ಮಾಜಾಳಿಯಿಂದ ಗುಡ್ಡ ದಾಟಿ ನಡೆಯಬೇಕು. ನೀವು ನಾನು ಟ್ಯಾಗೋರ್ ಬೀಚಲ್ಲಿ ಕೂರೋಣ. ಒಂದು ದಿನಕ್ಕೆ ಇಷ್ಟೆಲ್ಲ ತುರುಕಿದರೆ ಟೆಂಪೊ ಒಳಗೇ ದಿನ ಕಳೆಯುತ್ತದೆ. ಶನಿವಾರವೇ ಬಂದುಬಿಡಿ.

ದೊಡ್ಡಪ್ಪ: ಸರಿ. ಈ ಮೆಸೇಜ್ ಅಳಿಸುತ್ತೇನೆ. ಆದರೆ ನಿವೃತ್ತರ ಗುಂಪಿಗೂ ಬೆಳಿಗ್ಗೆಯೇ ಕಳಿಸಿಯಾಗಿದೆ. ಅಲ್ಲಿ ಎಲ್ಲರೂ 👍 ಹಾಕಿದ್ದಾರೆ.