ಮೇಜಿಲ್ಲದ ತರಗತಿಯಲ್ಲಿ ಭೂಕಂಪದ ಅಭ್ಯಾಸ ಮಾಡಿಸುವುದು ಹೇಗೆ?

ಪ್ರಶ್ನೆ: ಚಿಂಚೋಳಿ ಶಿಕ್ಷಕಿ

ನಮ್ಮದು ಚಿಂಚೋಳಿ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿಗೆ ಇಬ್ಬರೇ ಶಿಕ್ಷಕರು. ಒಬ್ಬರು ಸಭೆಗೆ ಹೋದ ದಿನ ಎಲ್ಲ ಮಕ್ಕಳೂ ಇನ್ನೊಬ್ಬರ ಪಾಲಿಗೆ. 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವಾರದ ಸುತ್ತ ನೆಲ ಮೇಲಿಂದ ಮೇಲೆ ನಡುಗಿ ಜನ ಮನೆಯ ಹೊರಗೆ ಮಲಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆ ಮಾತು ಕೇಳುತ್ತಲೇ ಬೆಳೆದ ಮಕ್ಕಳು, ಟ್ರ್ಯಾಕ್ಟರ್ ಗುಡುಗುಟ್ಟುತ್ತ ಹೋದರೂ ನನ್ನ ಮುಖ ನೋಡುತ್ತಾರೆ.

ತರಬೇತಿಯಲ್ಲಿ ‘ಮೇಜಿನ ಕೆಳಗೆ ಸೇರಿಕೊಳ್ಳಿ’ ಎನ್ನುತ್ತಾರೆ. ನಮ್ಮ ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ. ಅವರ ಬೆನ್ನ ಹಿಂದೆಯೇ ಕಬ್ಬಿಣದ ಅಲಮಾರಿ, ಅದರ ನೆತ್ತಿಯ ಮೇಲೆ ಹಳೆಯ ಪಠ್ಯಪುಸ್ತಕಗಳ ಕಟ್ಟು. ಹಳೆಯ ಕೋಣೆಯ ಚಾವಣಿ ಫರ್ಸಿ ಕಲ್ಲಿನದು, ಅಂದರೆ ಚಪ್ಪಡಿ ಹಾಸಿದ್ದು. ಇಂಥಲ್ಲಿ ಮಕ್ಕಳಿಗೆ ಏನು ಕಲಿಸಲಿ?

ಉತ್ತರ: ಆಳಂದದ ನಿವೃತ್ತ ಮುಖ್ಯ ಗುರು

ಮೇಡಂ, ಮೊದಲು ಆ ಪುಸ್ತಕದ ಕಟ್ಟನ್ನು ಇಂದೇ ಕೆಳಗಿಳಿಸಿ. ಅಲಮಾರಿಯನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಸಿ. ಫರ್ಸಿ ಕೋಣೆಯನ್ನು ಎಂಜಿನಿಯರ್ ನೋಡುವವರೆಗೆ ಅಲ್ಲಿ ಮಕ್ಕಳನ್ನು ಕೂರಿಸಬೇಡಿ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಠರಾವು ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ ಕಿಲ್ಲಾರಿ ಭೂಕಂಪವಾದದ್ದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಾಳಿಗೆ: ಮಲಗಿದ್ದವರು ಮಲಗಿದಲ್ಲೇ ಸಮಾಧಿಯಾದರು. ಜೀವ ತೆಗೆದದ್ದು ನಡುಕಕ್ಕಿಂತ ಕಟ್ಟಡ. ಅದಕ್ಕೇ ಚಾವಣಿಯ ಮಾತನ್ನು ಮೊದಲು ಎತ್ತಿದೆ.

ಮೇಜಿಲ್ಲದಿದ್ದರೆ ಮಕ್ಕಳು ಕಿಟಕಿ, ಅಲಮಾರಿಗಳಿಂದ ದೂರ, ಒಳಗೋಡೆಯ ಬುಡದಲ್ಲಿ ಮೊಣಕಾಲೂರಿ ಬಾಗಲಿ. ಎರಡೂ ಕೈಗಳಿಂದ ತಲೆ, ಕುತ್ತಿಗೆ ಮುಚ್ಚಿಕೊಳ್ಳಲಿ. ಕೈಗೆ ಸಿಕ್ಕರೆ ಪಾಟಿಚೀಲ ತಲೆಯ ಮೇಲಿರಲಿ. ನಡುಕ ನಿಂತ ಮೇಲೆ ಸಾಲಾಗಿ ಬಯಲಿಗೆ ಬರಬೇಕು. ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕ್, ವಿದ್ಯುತ್ ತಂತಿಗಳ ಹತ್ತಿರ ನಿಲ್ಲಿಸಬೇಡಿ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಹೊರಗೆ ಬರಲಿ, ಹೆಸರು ಕೂಗಿ ಎಣಿಸಿ. ಕಂಪನ ಮತ್ತೆ ಬರಬಹುದು, ಚಪ್ಪಲಿ ತರುತ್ತೇನೆಂದು ಒಂದು ಮಗುವೂ ಒಳಗೆ ಓಡಬಾರದು.

ನೀವಿಲ್ಲದ ದಿನವೂ ನಡೆಯಬೇಕಾದ ಕೆಲಸ ಇದು. ಐದನೆಯ ತರಗತಿಯ ಮಕ್ಕಳಿಗೆ ಎಚ್ಚರಿಕೆಯ ಸೀಟಿ ಊದುವುದನ್ನು ಕಲಿಸಿ.

ಉತ್ತರ: ಭೀಮಾ ತೀರದ ಮೇಷ್ಟ್ರು, ಜೇವರ್ಗಿ

ಗುರುಗಳು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಬಿಸಿಯೂಟದ ಅಡುಗೆಯವರನ್ನು ಅಭ್ಯಾಸದಿಂದ ಹೊರಗಿಡಬೇಡಿ. ಸೀಟಿ ಕೇಳಿದರೆ ಅವರು ಮೊದಲು ರೆಗ್ಯುಲೇಟರ್ ಆರಿಸಿ ಹೊರಗೆ ಬರಬೇಕು. 2004ರಲ್ಲಿ ಕುಂಭಕೋಣಂನ ಶಾಲೆಯ ಅಡುಗೆಮನೆಯಿಂದ ಹೊತ್ತಿದ ಬೆಂಕಿ ಸೋಗೆಯ ಚಾವಣಿಗೆ ಹಬ್ಬಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಆ ಮಕ್ಕಳ ವಯಸ್ಸಿನವರೇ ನಮ್ಮ ಮುಂದೆ ಕೂತಿರುತ್ತಾರೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಪಾಲಕರ ಮೊಬೈಲ್ ಸಂಖ್ಯೆಗಳು ಕಾಗದದಲ್ಲೂ ಇರಲಿ, ಜೊತೆಗೆ ತುರ್ತು ಸಹಾಯದ 112 ಮತ್ತು ಆಂಬುಲೆನ್ಸ್‌ನ 108. 2020ರ ಅಕ್ಟೋಬರ್ ಪ್ರವಾಹದಲ್ಲಿ ನಮ್ಮ ಕಡೆ ಶಾಲೆಗಳೇ ಸಂತ್ರಸ್ತರ ಕಾಳಜಿ ಕೇಂದ್ರಗಳಾಗಿದ್ದವು. ದಾಖಲೆ ಪುಸ್ತಕಗಳನ್ನು ಎತ್ತರದಲ್ಲಿಡುವುದನ್ನು ಆಗ ಕಲಿತೆವು. ನಿಮ್ಮಲ್ಲಿ ಹಾಗಿಡಬೇಡಿ, ಪೆಟ್ಟಿಗೆಯಲ್ಲಿ ಕೆಳಗಿಡಿ.

ಮರುನುಡಿ: ಚಿಂಚೋಳಿ ಶಿಕ್ಷಕಿ

ಇಬ್ಬರಿಗೂ ನಮಸ್ಕಾರ. ಕಟ್ಟು ಕೆಳಗಿಳಿಯಿತು, ಠರಾವು ಸೋಮವಾರ. ಎರಡನೆಯ ತರಗತಿಯಲ್ಲಿ ನಡೆಯಲಾಗದ ಹುಡುಗಿಯೊಬ್ಬಳು ಇದ್ದಾಳೆ. ಅವಳನ್ನು ಬಾಗಿಲ ಪಕ್ಕದ ಒಳಗೋಡೆಯ ಬಳಿ ಕೂರಿಸುತ್ತಿದ್ದೇನೆ; ಎತ್ತಿಕೊಂಡು ಬರುವ ಹೊಣೆಯನ್ನು ಅಡುಗೆಯ ಅಕ್ಕ ತಾವಾಗಿಯೇ ಒಪ್ಪಿಕೊಂಡಿದ್ದಾರೆ. ಅವರು ರಜೆ ಹಾಕಿದ ದಿನ ಯಾರು ಎಂಬುದನ್ನು ಇನ್ನೂ ಗೊತ್ತುಮಾಡಬೇಕು.