ಕೊಲಂಬಿಯಾ ನದಿ ದಡದ ಅಟ್ಟಗಳು: ಅವರಿಗೆ ಮಾತ್ರ ಲೈಸೆನ್ಸ್ ಬೇಡವಾ?

ಪ್ರಶ್ನೆ: ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ರ ಇದ್ದೀವಿ. ದಿ ಡಾಲ್ಸ್ ಊರಿನ ಕಡೆ ಡ್ರೈವ್ ಹೋದಾಗ ಕೊಲಂಬಿಯಾ ನದಿಗೆ ಚಾಚಿದ ಮರದ ಅಟ್ಟಗಳು ಕಂಡವು, ಅಲ್ಲಿ ಮೂಲನಿವಾಸಿಗಳು ಮೀನು ಹಿಡೀತಾರಂತೆ. ನಾನು ಗಾಳ ಹಾಕೋಕೆ ರಾಜ್ಯದ ಲೈಸೆನ್ಸ್ ಬೇಕು, ಅವರಿಗೆ ಬೇಡವಂತೆ. ಇದೂ ಒಂಥರಾ ಮೀಸಲಾತಿನಾ? ವಕೀಲರಿದ್ರೆ ಹೇಳಿ.

ಉತ್ತರ (ವಕೀಲ, ನದಿ ಹಕ್ಕುಗಳ ಕಾನೂನು): ಅಲ್ಲ. ಜಮೀನು ಮಾರುವಾಗ ‘ಬಾವಿ ನೀರು ನಮಗೂ ಇರಲಿ’ ಅಂತ ಕ್ರಯಪತ್ರದಲ್ಲಿ ಬರೆಸ್ಕೊಳ್ತಾರಲ್ಲ, ಹಾಗೆ. 1855ರಲ್ಲಿ ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಬುಡಕಟ್ಟಿನ ಜನ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡು ಅಪಾರ ನೆಲ ಬಿಟ್ಟುಕೊಟ್ಟರು. ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ಬಿಡಲಿಲ್ಲ. ಇದು ಸರ್ಕಾರ ಕೊಟ್ಟದ್ದಲ್ಲ, ಅವರೇ ಉಳಿಸಿಕೊಂಡದ್ದು ಅಂತ 1905ರ ವೈನನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ರಾಜ್ಯ ಅವರಿಂದ ಕೇಳ್ತಿದ್ದ ಲೈಸೆನ್ಸ್ ಫೀ 1942ರಲ್ಲಿ ಟುಲೀ ಪ್ರಕರಣದಲ್ಲಿ ಬಿದ್ದುಹೋಯ್ತು. ಹಾಗಂತ ಮನಸ್ಸಿಗೆ ಬಂದಷ್ಟು ಹಿಡಿಯಂಗಿಲ್ಲ. ಯಾವಾಗ, ಯಾವ ಬಲೆ ಅನ್ನೋದಕ್ಕೆ ಬುಡಕಟ್ಟು ಸರ್ಕಾರಗಳದೇ ನಿಯಮ ಇದೆ.

ಪ್ರಶ್ನೆ: ಆ ನದಿಗೆ ಅಣೆಕಟ್ಟು ಕಟ್ಟಿ, ಅವರಿಗೆ ಪರಿಹಾರ ಕೊಟ್ಟಾಯ್ತಲ್ಲ? ನಮ್ಮ ಶರಾವತಿ ಮುಳುಗಡೆ ಥರ ಅಲ್ಲಿಗೆ ಮುಗೀಲಿಲ್ವಾ?

ಉತ್ತರ: ಪರಿಹಾರ ಮುಳುಗಿದ ಜಾಗಕ್ಕೆ, ಹಕ್ಕಿಗಲ್ಲ. ಇಡೀ ವಿಷಯ ನಿಂತಿರೋದೇ ಇದರ ಮೇಲೆ. ಇದೇ ನದಿಯ ಸೆಲಿಲೋ ಜಲಪಾತದಲ್ಲಿ ಬಂಡೆಯಂಚಿಗೆ ಅಟ್ಟ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಉದ್ದ ಕೋಲಿನ ಬಲೆಯನ್ನ ನೊರೆಯೊಳಗೆ ಇಳಿಸಿ ಸಾಲ್ಮನ್ ಎತ್ತುತ್ತಿದ್ದರು. 1957ರ ಮಾರ್ಚ್ 10ರಂದು ದಿ ಡಾಲ್ಸ್ ಅಣೆಕಟ್ಟಿನ ಗೇಟು ಇಳಿಸಿದರು. ಸಂಜೆಯೊಳಗೆ ಜಲಪಾತವೇ ಇಲ್ಲ. ಕೊಟ್ಟ ಹಣ ಸುಮಾರು 2.7 ಕೋಟಿ ಡಾಲರ್.

ಅದಕ್ಕೂ ಮೊದಲು 1938ರ ಬಾನ್‌ವಿಲ್ ಅಣೆಕಟ್ಟು ಮೀನು ಹಿಡಿಯೋ ಜಾಗಗಳನ್ನ ಮುಳುಗಿಸಿದ್ದಕ್ಕೆ 400 ಎಕರೆ ಬದಲಿ ಜಾಗ ಕೊಡ್ತೀವಿ ಅಂದವರು ಕೊಟ್ಟಿದ್ದು 40 ಎಕರೆ ಆಸುಪಾಸು. ಆಶ್ವಾಸನೆ ಎಲ್ಲಾ ದೇಶದಲ್ಲೂ ಒಂದೇ ನೋಡಿ! 1988ರಲ್ಲಿ ಕಾಯ್ದೆ ಬಂದ ಮೇಲಷ್ಟೇ ಉಳಿದ ಜಾಗಗಳು ಸಿಗತೊಡಗಿದ್ದು. ಈಗ 31 ಇವೆ, ಹೆಚ್ಚಿನವು ಈ ನಾಲ್ಕು ಬುಡಕಟ್ಟುಗಳವರಿಗೆ ಮಾತ್ರ. ನೀವು ಗಾಳ ತಗೊಂಡು ಒಳಗೆ ಹೋಗ್ಬೇಡಿ.

ಪ್ರಶ್ನೆ: ಅವರ ಹತ್ರ ಮೀನು ಕೊಳ್ಳಬಹುದಾ?

ಉತ್ತರ: ಧಾರಾಳವಾಗಿ. ಮಾರಾಟಕ್ಕೆ ಅನುಮತಿ ಇರೋ ಸೀಸನ್‌ನಲ್ಲಿ ಕ್ಯಾಸ್ಕೇಡ್ ಲಾಕ್ಸ್ ಊರಿನ ಸೇತುವೆ ಹತ್ರ ಮಾರ್ತಾರೆ. ನಗದು, ಐಸ್ ಹಾಕಿದ ಡಬ್ಬ ಒಯ್ಯಿರಿ. ರಸೀದಿ ಮರೀಬೇಡಿ, ದಾರೀಲಿ ಅಧಿಕಾರಿಗಳು ಕೇಳಿದ್ರೆ ತೋರಿಸೋಕೆ ಬೇಕು.